ಗೆದಲ್ಯನ ಕೈಬರಹ

ಸಫೇದ್ ಊರಿನ ಗೆದಲ್ಯ ನಲವತ್ತು ವರ್ಷ ಮೆಝೂಜಾ ಬರೆದವನು. ಮನೆ ಕಾಯಲೆಂದು ಯೆಹೂದ್ಯರು ಬಾಗಿಲ ಚೌಕಟ್ಟಿಗೆ ಬಡಿಯುವ ಆ ಪುಟ್ಟ ಡಬ್ಬಿಯೊಳಗಿನ ಚರ್ಮದ ಹಾಳೆಗೆ ದೇವರ ಮಾತನ್ನು ಕೈಯಲ್ಲೇ ಬರೆಯಬೇಕು, ಅಚ್ಚಾದದ್ದು ನಡೆಯದು. ಅವನ್ನು ಮಾರುತ್ತಿದ್ದವನು ಬಾಲ್ಯದ ಗೆಳೆಯ ಫೈವೆಲ್.

ಒಂದು ದಿನ ನೆರೆಮನೆಯ ಹಿಂದಾ ಎಂಬಾಕೆ ಅಕ್ಷರ ಮಾಸಿದೆಯೇ ಎಂದು ತನ್ನ ಮೆಝೂಜಾವನ್ನು ಪರೀಕ್ಷೆಗೆ ತಂದಳು. ಅಕ್ಷರವೇನೋ ಗೆದಲ್ಯನದೇ. ಆದರೆ ಬೆರಳಾಡಿಸಿದರೆ ಶಾಯಿಯ ಉಬ್ಬೇ ಇಲ್ಲ, ಅಚ್ಚು!

ಅವನು ನೇರ ಫೈವೆಲ್‌ನ ಅಂಗಡಿಗೆ ನಡೆದ.

"ನೀನು ದಿನಕ್ಕೆರಡು ಬರೀತೀಯ, ಕೇಳೋರು ನೂರು ಜನ. ನಿನ್ನ ಬರಹನೇ ಅಚ್ಚು ಹಾಕಿಸ್ದೆ, ಇನ್ನೇನ್ ಮಾಡ್ಲಿ?" ಎಂದ ಫೈವೆಲ್.

"ಜನ ಬಾಗಿಲು ದಾಟುವಾಗ ಅದನ್ನ ಮುಟ್ಟಿ ಮುತ್ತಿಡೋದು ನನ್ನ ಕೈ ನಂಬ್ಕೊಂಡು ಕಣೋ!"

ಅಂದಿನಿಂದ ಗೆದಲ್ಯ ಮನೆಮನೆಗೆ ಹೋಗಿ ಕ್ಷಮೆ ಕೇಳಿ, ಹೊಸದನ್ನು ಬರೆದುಕೊಟ್ಟ. ಅಚ್ಚು ಮಾರಿದ ಫೈವೆಲ್‌ನ ಸ್ವಂತ ಬಾಗಿಲಲ್ಲಿ ಮಾತ್ರ ಅಸಲಿ ಕೈಬರಹ ಸಿಕ್ಕಿತು. ಬೇರೆಯವರ ಮನೆಗೆ ಅಚ್ಚು ಸಾಕೆಂದವನು ತನ್ನ ಮನೆ ಕಾಯಲು ಅದನ್ನು ನಂಬಿರಲಿಲ್ಲ.