ದ್ರಿತಾ ಆಂಟಿಯ ಹೊಸ ಟ್ರೇ

ಅಮೆರಿಕದ ಹರ್ನ್‌ಡನ್‌ನಲ್ಲಿ ತಂಗಿಯ ಪಕ್ಕದ ಮನೆಯವರು ದ್ರಿತಾ ಆಂಟಿ, ಅಲ್ಬೇನಿಯಾದವರು. ಇವತ್ತು ನಮ್ಮಿಬ್ಬರನ್ನೂ ಮನೆಗೆ ಕರೆದು, ನನಗೆಂದೇ ಬ್ಯೂರೆಕ್ ಮಾಡಿದ್ದರು. ಹೋಳಿಗೆಗಿಂತ ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ಪಾಲಕ್ ಹರಡಿ, ಟ್ರೇನಲ್ಲಿಟ್ಟು ಓವನ್‌ನಲ್ಲಿ ಬೇಯಿಸುತ್ತಾರೆ. ಘಮಕ್ಕೆ ಬಾಯಲ್ಲಿ ನೀರೂರಿತು, ಆದರೂ ನನ್ನ ಹಾಳು ಮಡಿ ಬಿಡಬೇಕಲ್ಲ.

"ಈ ಟ್ರೇನಲ್ಲಿ ಮಟನ್ ಮಾಡಿರ್ತಾರೇನೇ?" ಎಂದು ತಂಗಿಯನ್ನು ಕೇಳಿದೆ.

"ಅಕ್ಕಾ, ಪ್ಲೀಸ್, ಸುಮ್ನೆ ತಿನ್ನು."

ಆಂಟಿ ನಮ್ಮಿಬ್ಬರ ಮುಖ ನೋಡಿ ನಕ್ಕರು. ನಾನು ಜೊತೆಗಿಟ್ಟಿದ್ದ ಮೊಸರು ಮಾತ್ರ ತಿಂದು, ಪಾತ್ರೆ ತೊಳೆಯುವ ನೆಪದಲ್ಲಿ ಎದ್ದೆ. ಬ್ಯೂರೆಕ್ ತೆಗೆದು ಖಾಲಿಯಾಗಿದ್ದ ಟ್ರೇ ಮಗುಚಿದರೆ, ತಳದಲ್ಲಿ ಅಂಗಡಿಯ ಸ್ಟಿಕ್ಕರ್ ಹಾಗೇ ಇತ್ತು, ಬಿಸಿಗೆ ಕಂದಿತ್ತು.

"ನೀನು ಪ್ಯೂರ್ ವೆಜ್ ಅಂತ ನಾನೇ ಹೇಳಿದ್ದೆ. ಹೊಸಾದು ತಂದಿದಾರೆ," ಎಂದಳು ತಂಗಿ.

ಕೈ ಒರೆಸಿಕೊಂಡು ಬಂದು ತಟ್ಟೆ ಚಾಚಿದೆ. "ಎರಡು ಹಾಕಿ ಆಂಟಿ," ಎಂದೆ, ಕನ್ನಡದಲ್ಲೇ. ಆಂಟಿ ಮೂರು ಹಾಕಿದರು.