ಆಷಾಢದಲ್ಲಿ ಕೊಟ್ಟ ಕಲ್ಯಾಣ ಮಂಟಪ

ನನಗೆ ಹೊಟ್ಟೆಕಿಚ್ಚು ಜಾಸ್ತಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಓದುವವರು ನಡುವೆ ಎಲ್ಲೋ ಕಂಡುಹಿಡಿದು ಮೂಗು ಮುರಿಯುವ ಬದಲು ಈಗಲೇ ಮುರಿಯಲಿ. ಆದರೆ ಎಲ್ಲರ ಮೇಲೂ ಇರುವ ಹೊಟ್ಟೆಕಿಚ್ಚಲ್ಲ ಅದು. ಪಕ್ಕದ ಮನೆಯವರು ಕಾರು ತಂದರೂ ಓರಗಿತ್ತಿ ಹೊಸ ಸರ ಮಾಡಿಸಿಕೊಂಡರೂ ನನಗೇನೂ ಅನಿಸುವುದಿಲ್ಲ. ನನ್ನ ಹೊಟ್ಟೆ ಉರಿದದ್ದೆಲ್ಲ ಒಬ್ಬಳೇ ಒಬ್ಬಳನ್ನು ಕಂಡು. ಅವಳು ನನ್ನ ಗೆಳತಿ.

ತೊಂಬತ್ತರ ದಶಕದ ಮೊದಲಲ್ಲಿ ಅರಕಲಗೂಡಿನ ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಇಬ್ಬರ ಮನೆಯಲ್ಲೂ ಬೇಸಾಯ, ನಮ್ಮ ಮನೆಯಲ್ಲಿ ಸ್ವಲ್ಪ ಹೆಚ್ಚು ಗದ್ದೆ, ಅಷ್ಟೇ. ಡ್ರಾಯಿಂಗ್ ಮೇಷ್ಟ್ರು ಒಂದು ದಿನ ಮೇಜಿನ ಮೇಲೆ ಹಿತ್ತಾಳೆ ಚೊಂಬು ಇಟ್ಟು ಬರೆಯಿರಿ ಎಂದರು. ನಾನು ಬರೆದು ಅಳಿಸಿ, ಮತ್ತೆ ಬರೆದು ಅಳಿಸಿ, ಕಾಗದ ತೂತಾಗುವವರೆಗೂ ರಬ್ಬರು ಉಜ್ಜಿದೆ. ಅವಳು ಒಂದು ಗೆರೆ ಎಳೆದಳು. ಪೆನ್ಸಿಲ್ ಎತ್ತದೆ, ಕಂಠದಿಂದ ಹೊಟ್ಟೆಗೆ, ಹೊಟ್ಟೆಯಿಂದ ಬುಡಕ್ಕೆ. ಚೊಂಬಿನ ಒಳಗೆ ನೀರಿದೆ ಅನ್ನುವುದು ಕೂಡ ಆ ಗೆರೆಯಲ್ಲಿ ಗೊತ್ತಾಗುತ್ತಿತ್ತು. ಮೇಷ್ಟ್ರು ಅವಳ ಕಾಗದವನ್ನು ಗೋಡೆಗೆ ಅಂಟಿಸಿ ನನ್ನ ಕಡೆ ತಿರುಗಿ, "ನಿಂದು ಬಲೇ ನೀಟಾಗೈತೆ ಕಣವ್ವ" ಎಂದರು. ಆ 'ನೀಟು' ಅನ್ನುವ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಮೇಲೆ ನಮ್ಮಪ್ಪ ನನ್ನನ್ನು ಮೈಸೂರಿಗೆ ಕಳಿಸಿ ಚಿತ್ರಕಲೆ ಓದಿಸಿದರು. ಹಾಸನದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆದೆ. ಗಂಡನ ಮನೆಯವರು ಉತ್ತರಕ್ಕೆ ಕಿಟಕಿಯಿದ್ದು ದಿನವಿಡೀ ಒಂದೇ ಸಮ ಬೆಳಕು ಬೀಳುವ ಒಂದು ರೂಮನ್ನು ನನ್ನ ಚಿತ್ರಗಳಿಗೇ ಬಿಟ್ಟುಕೊಟ್ಟರು. ಅವಳಿಗೆ ಪಿಯುಸಿ ಮುಗಿಯುವ ಮೊದಲೇ ಮದುವೆಯಾಯಿತು. ಗಂಡನಿಗೆ ಹೊಳೆನರಸೀಪುರದಲ್ಲಿ ಗೊಬ್ಬರದ ಅಂಗಡಿ, ಮನೆ ತುಂಬ ಜನ. ಎಲ್ಲರ ಊಟ ಆದ ಮೇಲೆ ಅಡುಗೆಮನೆಯ ನೆಲ ಒರೆಸಿ, ಅದು ಆರಿದ ಮೇಲೆ ಅಲ್ಲೇ ಮಂಡಿಯೂರಿ ಕೂತು ಚಿತ್ರ ಬರೆಯುತ್ತಾಳೆಂದು ಕೇಳಿದ್ದೆ. ಕೇಳಿ ಸಮಾಧಾನವಾಗಿತ್ತು. ಹಾಗೆ ಬರೆದರೆ ಎಷ್ಟು ತಾನೇ ಬರೆದಾಳು ಎಂದುಕೊಂಡಿದ್ದೆ.

ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ ಹಾಸನದ ಕೆಲವು ವರ್ತಕರು ಸಮಿತಿ ಮಾಡಿಕೊಂಡು ಜಿಲ್ಲೆಗೆಲ್ಲ ಒಂದು ಚಿತ್ರಸ್ಪರ್ಧೆ ಇಟ್ಟರು. ಚಿತ್ರಗಳನ್ನು ಒಂದೇ ಹಾಲಿನಲ್ಲಿ ಕೂಡಿಹಾಕುವ ಬದಲು ಊರಿನ ತುಂಬ ಹಂಚುವುದು ಅವರ ಆಲೋಚನೆ. ಬ್ಯಾಂಕು, ಹೋಟೆಲು, ಡಾಕ್ಟರ ಷಾಪು, ಬಟ್ಟೆ ಅಂಗಡಿ, ಒಂದೊಂದು ಜಾಗಕ್ಕೆ ಒಬ್ಬೊಬ್ಬ ಕಲಾವಿದರು. ತಲೆಗೆ ಐದು ಚಿತ್ರ, ಪಕ್ಕದಲ್ಲಿ ಒಂದು ಡಬ್ಬಿ. ಚಿತ್ರ ಹಿಡಿಸಿದವರು ಡಬ್ಬಿಗೆ ಚೀಟಿ ಹಾಕಬೇಕು. ಹತ್ತು ದಿನದ ಮೇಲೆ ಯಾರ ಡಬ್ಬಿಯಲ್ಲಿ ಹೆಚ್ಚು ಚೀಟಿಯೋ ಅವರಿಗೆ ಬಹುಮಾನದ ಕಪ್ಪು. ಇದಲ್ಲದೆ ಸಮಿತಿಯ ಅಧ್ಯಕ್ಷರು ತಾವೇ ನೋಡಿ ಮೆಚ್ಚಿ ಕೊಡುವ ಒಂದು ವಿಶೇಷ ಬಹುಮಾನ. ಅಧ್ಯಕ್ಷರು ಮರದ ಡಿಪೋ ಇಟ್ಟಿದ್ದ ಹಿರಿಯರು. ಒಳ್ಳೆಯ ಮನಸ್ಸಿನವರು, ಮಾತು ಸ್ವಲ್ಪ ಜಾಸ್ತಿ.

ಯಾರಿಗೆ ಯಾವ ಜಾಗ ಎಂದು ಹೊಂದಿಸುವ ಕೆಲಸ ನನ್ನ ಕೊರಳಿಗೆ ಬಿತ್ತು. ಸ್ಪರ್ಧೆಗೆ ನಾನೂ ಹೆಸರು ಕೊಟ್ಟಿದ್ದೆ. ಇದು ಸರಿಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಜಾತಕ ಕೂಡಿಸುವುದೂ ಇಷ್ಟು ಕಷ್ಟವಿರಲಾರದು. ಸ್ವೀಟ್ ಸ್ಟಾಲಿನವರಿಗೆ ದೇವರ ಪಟವೇ ಬೇಕು. ಬ್ಯಾಂಕಿನವರು ಗೋಡೆಗೆ ಮೊಳೆ ಹೊಡೆಯಬೇಡಿ ಎಂದರು, ಮೊಳೆಯಿಲ್ಲದೆ ಪಟ ತೂಗುಹಾಕುವುದು ಹೇಗೆಂದು ಅವರೇ ಹೇಳಲಿಲ್ಲ. ಕಣ್ಣಿನ ಡಾಕ್ಟರು ದೊಡ್ಡ ದೊಡ್ಡದಾಗಿ ಬರೆಯುವವರನ್ನು ಕೊಡಿ, ನಮ್ಮಲ್ಲಿಗೆ ಬರುವವರಿಗೆ ಸಣ್ಣದು ಕಾಣಿಸುವುದಿಲ್ಲ ಎಂದರು. ನುಗ್ಗೇಹಳ್ಳಿಯಿಂದ ಬಂದಿದ್ದವರು ತಮ್ಮೂರಿನ ದೇವಸ್ಥಾನದ ಶಿಲ್ಪಗಳನ್ನು ಬಿಟ್ಟು ಬೇರೆ ಏನೂ ಬರೆಯುವವರಲ್ಲ. ಅವರನ್ನು ಬಟ್ಟೆ ಅಂಗಡಿಗೆ ಹಾಕಿದರೆ ಯಜಮಾನರು ಆ ಶಿಲಾಬಾಲಿಕೆಯರ ಮೈಮೇಲೆ ಬಟ್ಟೆಯೇ ಇಲ್ಲವಲ್ಲ ಎಂದು ತಕರಾರು ತೆಗೆದರು. ಚನ್ನರಾಯಪಟ್ಟಣದ ಒಬ್ಬರು ತಮ್ಮ ಪಟಗಳನ್ನು ಗೋಣಿಚೀಲದಲ್ಲಿ ತಂದು, ಹೋಟೆಲ್ಲೇ ಆಗಬೇಕು, ಕಾಫಿ ಸಿಗುತ್ತೆ ಎಂದು ಕೂತುಬಿಟ್ಟರು.

ಹೀಗಿರುವಾಗ ಅವಳು ಬಂದಳು. ಅರ್ಜಿ ಕೊಡಲು ಹೊಳೆನರಸೀಪುರದಿಂದ ಬಸ್ಸಿನಲ್ಲಿ ಬಂದು, ಶಾಲೆಯ ಹತ್ತಿರ ನನ್ನನ್ನು ಕಾದುಕೊಂಡು ನಿಂತಿದ್ದಳು.

"ನಮ್ಮೋರು ಒಪ್ಪವ್ರೆ ಕಣೆ," ಎಂದಳು. "ಇದೇ ಕೊನೆ ಅಂತ ಯೋಳವ್ರೆ. ಬವುಮಾನ ಏನಾರ ಬಂದ್ರೆ ಅಲ್ಲೇ ಒಂದು ಕಾನ್ವೆಂಟ್‌ನಾಗೆ ಡ್ರಾಯಿಂಗ್ ಯೋಳ್ಕೊಡಕ್ಕೆ ಓಗು, ಬರ್ನಿಲ್ಲ ಅಂದ್ರೆ ಬಣ್ಣ ಗಿಣ್ಣ ಎಲ್ಲ ಕಟ್ಟಿ ಅಟ್ಟಕ್ಕಾಕು ಅಂದವ್ರೆ."

"ಯಾವ ಬಹುಮಾನ?" ಎಂದೆ.

"ಯಾವುದಾರ ಆಗ್ಲಿ. ಸಮಾಧಾನಕರ ಆದ್ರೂ ಸೈ."

ನಗುತ್ತ ಹೇಳಿದಳು, ಆದರೆ ನನ್ನ ಕೈ ಬಿಡಲಿಲ್ಲ. ಅವಳ ಐದು ಚಿತ್ರಗಳನ್ನು ಸ್ಟಾಫ್ ರೂಮಿನ ಬೆಂಚಿನ ಮೇಲೆ ಹರಡಿ ನೋಡಿದೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಚಿಕ್ಕ ಚಿಕ್ಕ ಚಿತ್ರಗಳು. ಒಂದರಲ್ಲಿ ಅತ್ತೆ ಅವರೆಕಾಯಿ ಸುಲಿಯುತ್ತಿದ್ದಾರೆ, ಆ ಬೆರಳುಗಳನ್ನು ನೋಡಿದ ಕೂಡಲೇ ಮುದುಕಿಗೆ ಸೊಸೆಯ ಮೇಲೆ ಎಷ್ಟು ಸಿಟ್ಟಿದೆ ಅನ್ನುವುದು ತಿಳಿಯುತ್ತಿತ್ತು. ನನ್ನ ಹೊಟ್ಟೆಯೊಳಗೆ ಯಾರೋ ಒಲೆ ಊದಿದಂತಾಯಿತು. ಹತ್ತು ವರ್ಷ ಅಡುಗೆಮನೆ ನೆಲದ ಮೇಲೆ ಕೂತವಳು ಇವಳು. ಉತ್ತರದ ಬೆಳಕಿನಲ್ಲಿ ಕೂತವಳು ನಾನು.

ಸ್ಪರ್ಧೆ ಇದ್ದದ್ದು ಆಷಾಢದಲ್ಲಿ. ಶಾಮಿಯಾನದವರು, ಮೈಕ್‌ಸೆಟ್ಟಿನವರು ಕೈಗೆ ಸಿಗುವ ಕಾಲ ಅದೊಂದೇ ಎಂದು ಸಮಿತಿಯವರು ಗೊತ್ತು ಮಾಡಿದ್ದರು. ನಮ್ಮ ಪಟ್ಟಿಯಲ್ಲಿ ಊರಿನ ದೊಡ್ಡ ಕಲ್ಯಾಣ ಮಂಟಪವೂ ಇತ್ತು. ಅಮೃತಶಿಲೆಯ ಮೆಟ್ಟಿಲು, ಕನ್ನಡಿ ಕಂಬ. ಎಲ್ಲರ ಕಣ್ಣೂ ಅದರ ಮೇಲೇ. ಆದರೆ ಆಷಾಢದಲ್ಲಿ ಕಲ್ಯಾಣ ಮಂಟಪಕ್ಕೆ ಯಾರು ಕಾಲಿಡುತ್ತಾರೆ? ಮದುವೆಯಿಲ್ಲ, ಮುಂಜಿಯಿಲ್ಲ. ಸಮಿತಿಯ ಗಂಡಸರಿಗೆ ಇದು ಹೊಳೆಯಲಿಲ್ಲ. ನನಗೆ ಹೊಳೆಯಿತು. ಹೊಳೆದ ಗಳಿಗೆಯಲ್ಲೇ ಮಂಟಪದ ಮುಂದೆ ಅವಳ ಹೆಸರು ಬರೆದೆ.

ನನ್ನ ಹೆಸರನ್ನು ಗ್ಯಾಸ್ ಏಜೆನ್ಸಿಯ ಮುಂದೆ ಬರೆದುಕೊಂಡೆ. ಬಣ್ಣ ಕಿತ್ತುಹೋದ ಗೋಡೆ, ಮುರಿದ ಬೆಂಚು, ಯಾರಿಗೂ ಬೇಡವಾದ ಜಾಗ. ಆದರೆ ಸಿಲಿಂಡರ್ ಬುಕ್ ಮಾಡಲು ಆಗ ಊರೆಲ್ಲ ಅಲ್ಲಿ ಕ್ಯೂ ನಿಲ್ಲುತ್ತಿತ್ತು. ಗಂಟೆಗಟ್ಟಲೆ ನಿಂತವರಿಗೆ ಮುಂದಿನವರ ಬೆನ್ನು ಬಿಟ್ಟರೆ ನೋಡಲು ಏನೂ ಇರುತ್ತಿರಲಿಲ್ಲ.

ಪಟ್ಟಿ ಓದಿದ ಅಧ್ಯಕ್ಷರು ಎದ್ದು ನಿಂತರು. "ನೋಡ್ರಪ್ಪ, ಗೆಳತಿಗೆ ಅರಮನೆ ಕೊಟ್ಟು ತಾವು ಗ್ಯಾಸ್ ಗೋಡೆ ಇಟ್ಕಂಡವ್ರೆ. ದೊಡ್ಡ ಮನ್ಸು ಅಂದ್ರೆ ಇದು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸಿದೆ. ನಾಚಿಕೆಯಿಂದ ಎಂದು ಅವರು ತಿಳಿದಿರಬೇಕು.

ಶಾಲೆಗೆ ರಜೆ ಹಾಕಿ ಹತ್ತು ದಿನ ಗ್ಯಾಸ್ ಏಜೆನ್ಸಿಯಲ್ಲಿ ಕೂತೆ. ಎರಡನೇ ದಿನಕ್ಕೇ ಚೀಟಿ ತುಂಬಿ ಡಬ್ಬಿಯ ಬಾಯಿ ಕಟ್ಟಿಕೊಂಡಿತು. ಮೊದಲ ಒಂಬತ್ತು ದಿನ ಮಂಟಪದ ಕಡೆ ಹೋಗಲೇ ಇಲ್ಲ. ಅವಳು ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬಂದು ಸಂಜೆ ಬಸ್ಸಿಗೆ ಹೋಗುತ್ತಾಳೆಂದು ಯಾರೋ ಹೇಳಿದರು. ಖಾಲಿ ಹಾಲಿನಲ್ಲಿ ಮಂಕಾಗಿ ಕೂತಿರುತ್ತಾಳೆ ಎಂದುಕೊಂಡೆ. ಹಾಗೆ ಅಂದುಕೊಂಡಾಗ ಮನಸ್ಸಿಗೆ ಹಿತವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಕೊನೆಯ ದಿನ ಡಬ್ಬಿಗಳನ್ನು ತರುವ ಕೆಲಸವೂ ನನ್ನದೇ. ಬೆಳಿಗ್ಗೆ ಅಧ್ಯಕ್ಷರು ಕರೆದು, "ಎಲ್ಲಾ ಕಡೆ ಓಯ್ತೀರಲ್ಲ ಮಿಸ್ಸೇ, ಏನಾರ ಇಶೇಷ ಕಂಡ್ರೆ ಡಿಪೋಗೆ ಒಂದು ಫೋನ್ ಒತ್ತಿ. ನಾನೇ ಬಂದು ನೋಡಿ ಬವುಮಾನ ಕೊಡ್ತೀನಿ" ಎಂದಿದ್ದರು. ಮಧ್ಯಾಹ್ನ ಮಂಟಪಕ್ಕೆ ಹೋದೆ. ಅವಳ ಐದು ಚಿತ್ರಗಳು ಆ ದೊಡ್ಡ ಗೋಡೆಯ ಮೇಲೆ ಅಂಚೆಚೀಟಿಗಳಂತೆ ಕಾಣುತ್ತಿದ್ದವು. ಡಬ್ಬಿ ಅಲ್ಲಾಡಿಸಿದರೆ ಒಂದೆರಡು ಚೀಟಿಯ ಸದ್ದು. ಅವಳು ಮಾತ್ರ ಅಲ್ಲಿರಲಿಲ್ಲ.

"ಇಲ್ಲಿವ್ನಿ, ಬಾರೆ!" ಊಟದ ಹಾಲಿನಿಂದ ಕೂಗಿದಳು.

ಮದುವೆ ಊಟದ ಟೇಬಲ್ಲಿನ ಮೇಲೆ ಹಾಸುವ ಬಿಳಿ ಕಾಗದದ ಸುರುಳಿ ಇರುತ್ತದಲ್ಲ, ಅದನ್ನು ಸಾಲು ಟೇಬಲ್ಲಿನ ಮೇಲೆ ಹಾಲಿನ ಈ ತುದಿಯಿಂದ ಆ ತುದಿಯವರೆಗೆ ಬಿಚ್ಚಿದ್ದಳು. ಅಡುಗೆ ಒಲೆಯಲ್ಲಿ ಉಳಿದಿದ್ದ ಇದ್ದಿಲಿನಿಂದ ಅದರ ಉದ್ದಕ್ಕೂ ಒಂದು ಪಂಕ್ತಿ ಬರೆದಿದ್ದಳು. ಎಲ್ಲರಿಗೂ ಬಡಿಸಿ ಮುಗಿದ ಮೇಲೆ ಊಟಕ್ಕೆ ಕೂರುವ ಹೆಂಗಸರ ಕೊನೆಯ ಪಂಕ್ತಿ. ಒಬ್ಬಳು ಸೆರಗು ಬಿಗಿದು, ಬಳೆ ಮೇಲೆ ಸರಿಸಿ ಅನ್ನ ಕಲೆಸುತ್ತಿದ್ದಾಳೆ. ಒಬ್ಬಳು ಎಲೆಯ ಮುಂದೆ ಕೂತಲ್ಲೇ ತೂಕಡಿಸುತ್ತಿದ್ದಾಳೆ. ಒಬ್ಬಳು ಪಕ್ಕದವಳ ಎಲೆಯ ಹೋಳಿಗೆ ಎಣಿಸುತ್ತಿದ್ದಾಳೆ. ಪಾಯಸ ಮುಗಿದಿದೆ ಎಂದು ಯಾರೋ ಹೇಳಿದ್ದಾರೆ, ಅದು ಒಂದು ಮುಖದಿಂದ ಇನ್ನೊಂದು ಮುಖಕ್ಕೆ ಹಬ್ಬುತ್ತ ಹೋಗುತ್ತದೆ. ನಾನು ಆ ಟೇಬಲ್ಲಿನ ಪಕ್ಕ ನಡೆಯುತ್ತ ಹೋದೆ. ನಡೆದಷ್ಟೂ ಮುಗಿಯಲಿಲ್ಲ. ಅಷ್ಟು ಮುಖಗಳಲ್ಲಿ ನನ್ನ ಮುಖ ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅದಕ್ಕೂ ಹೊಟ್ಟೆ ಉರಿಯಿತು.

"ಆಸಾಡ ಅಲ್ವಾ, ಒಂದು ನರಪಿಳ್ಳೆ ಬರ್ಲಿಲ್ಲ ಕಣೆ," ಎಂದು ನಕ್ಕಳು. ಮೂಗಿನ ಮೇಲೆಲ್ಲ ಮಸಿ. "ನಂಗೆ ಅದೇ ಒಳ್ಳೇದಾತು. ಯಾರೂ ಕಾಫಿ ಕೇಳೋರಿಲ್ಲ, ಬಾಗ್ಲು ತಟ್ಟೋರಿಲ್ಲ. ಉಟ್ಟಿದಾಗಿಂದ ಇಷ್ಟು ಉದ್ದ ಕೈ ಆಡ್ಸಿರ್ಲಿಲ್ಲ ಕಣೆ. ನೀನು ಈ ಜಾಗ ಕೊಡ್ದಿದ್ರೆ ಇದು ಆಯ್ತಿತ್ತಾ?"

ಆಮೇಲೆ ದನಿ ತಗ್ಗಿಸಿ ಕೇಳಿದಳು. "ಚೀಟಿಯಂತೂ ಬೀಳ್ನಿಲ್ಲ. ಅಧ್ಯಕ್ಷರದೊಂದು ಬವುಮಾನ ಐತಂತಲ್ಲ, ಇದ ಅವರು ಒಂದು ಸಲ ನೋಡ್ತಾರಾ? ಒಂದು ಮಾತು ತಿಳಿಸ್ತೀಯ?"

ಬಾಗಿಲ ಹತ್ತಿರ ಮ್ಯಾನೇಜರ ಮೇಜಿನ ಮೇಲೆ ಫೋನಿತ್ತು. ಹೋಗಿ ಡಿಪೋದ ನಂಬರ್ ಒತ್ತಿದೆ. ಒತ್ತುವಾಗ ಹೇಳುವ ಮನಸ್ಸೇ ಇತ್ತು, ಇದನ್ನು ನಂಬುವುದು ಬಿಡುವುದು ಓದುವವರಿಗೆ ಸೇರಿದ್ದು. ಅಧ್ಯಕ್ಷರು ಕಾರಿನಲ್ಲಿ ಐದು ನಿಮಿಷಕ್ಕೆ ಬರುತ್ತಾರೆ. ಆ ಟೇಬಲ್ಲಿನ ಪಕ್ಕ ನಡೆಯುತ್ತಾರೆ. ಸಂಜೆ ನನ್ನ ಕೈಗೆ ಕಪ್ಪು ಕೊಡುವಾಗ ಅವರ ಕಣ್ಣಿನಲ್ಲಿ ಈ ಹೆಂಗಸರೇ ಇರುತ್ತಾರೆ. ನಾನು ಮತ್ತೆ ನೀಟು.

"ಹಲೋ," ಎಂದರು ಆ ಕಡೆಯಿಂದ ಅಧ್ಯಕ್ಷರು. ನಾನು ಫೋನ್ ಇಟ್ಟುಬಿಟ್ಟೆ.

ಹಿಂದಿರುಗಿ ಬಂದು, "ಊರಲ್ಲಿಲ್ಲವಂತೆ ಕಣೆ. ಸಂಜೆ ನೇರ ವೇದಿಕೆಗೇ ಬರ್ತಾರಂತೆ" ಎಂದೆ. ಅವಳು ಕೈಯ ಮಸಿಯನ್ನು ಸೆರಗಿಗೆ ಒರೆಸಿಕೊಂಡು, "ಇರ್ಲಿ ಬುಡು, ನೀನಾದ್ರೂ ನೋಡ್ದಲ್ಲ" ಎಂದಳು.

ಸಂಜೆಯ ಸಭೆಯಲ್ಲಿ ಚೀಟಿ ಎಣಿಸಿ ನನ್ನ ಹೆಸರು ಕೂಗಿದರು. ಅವಳು ಮೂರನೇ ಸಾಲಿನಲ್ಲಿ ಕಾಗದದ ಸುರುಳಿಯನ್ನು ಹಳೇ ಸೀರೆಯ ತುಂಡಿನಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡು, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅಧ್ಯಕ್ಷರು ಮೈಕ್ ಹಿಡಿದರು.

"ವಿಶೇಷ ಬವುಮಾನ ಈ ಸಲ ಯಾರಿಗೂ ಇಲ್ಲ. ನಾನೇನು ಮಾಡ್ಲಿ? ಬೆಳಗ್ಗಿಂದ ಡಿಪೋ ಬುಟ್ಟು ಅಲ್ಲಾಡಿಲ್ಲ, ಫೋನಿನ ಮುಂದೇ ಕುಂತಿದ್ದೆ. ಮಧ್ಯಾನ್ನ ಒಂದೇ ಒಂದು ಸಲ ಬಡ್ಕಂತು. ಎತ್ತಿ ಹಲೋ ಅಂದ್ರೆ, ಟಪ್ ಅಂತ ಇಟ್ಬುಟ್ರು!"

ಸಭೆಯೆಲ್ಲ ನಕ್ಕಿತು. ಅವಳು ನಗಲಿಲ್ಲ. ವೇದಿಕೆಯ ಮೇಲೆ ಕಪ್ಪು ಹಿಡಿದು ನಿಂತಿದ್ದ ನನ್ನನ್ನೇ ನೋಡಿದಳು. ಬೇಗ ಬೇಗ ಏನನ್ನೋ ಕೂಡಿಸುತ್ತಿರುವ ಮುಖ.

ಸಭೆ ಮುಗಿದ ಮೇಲೆ ತಪ್ಪಿಸಿಕೊಂಡು ಹೋಗೋಣವೆಂದರೆ ಗೇಟಿನಲ್ಲೇ ನಿಂತಿದ್ದಳು.

"ಅಂಗಾರೆ ಮಂಟಪಾನೂ ಗೊತ್ತಿದ್ದೇ ಕೊಟ್ಟಿದ್ದಾ?"

ಅಷ್ಟೇ ಕೇಳಿದಳು. ಬೈದಿದ್ದರೆ ಏನಾದರೂ ಮಾತು ಹುಡುಕುತ್ತಿದ್ದೆ. ನಾನು ಕಪ್ಪನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದೆ. ಅದೇ ಉತ್ತರವಾಯಿತು.

ಅವಳು ಸುರುಳಿಯನ್ನು ಕಂಕುಳಿಗೆ ಸೇರಿಸಿಕೊಂಡಳು. "ನಾಳೆಯಿಂದ ಇದೂ ಅಟ್ಟಕ್ಕೆ. ಓಗ್ಲಿ. ಈ ಅತ್ತು ದಿನ ಅಷ್ಟು ದೊಡ್ಡ ಮನೆ ನಂದೊಬ್ಳುದೇ ಆಗಿತ್ತು. ಅದ ಮಾತ್ರ ನಿನ್ ಕೈಲಿ ವಾಪಸ್ ಇಸ್ಕಳಕ್ಕಾಗಕಿಲ್ಲ ಕಣೆ," ಎಂದು ಬಸ್ ಸ್ಟಾಂಡಿನ ಕಡೆ ನಡೆದಳು.

ಅವಳು ಮತ್ತೆ ಚಿತ್ರ ಬರೆಯಲಿಲ್ಲವೆಂದು ಆಮೇಲೆ ತಿಳಿಯಿತು. ನನ್ನ ರೂಮಿಗೆ ಉತ್ತರದ ಬೆಳಕು ಈಗಲೂ ಬರುತ್ತದೆ. ನಾನು ದಿನಾ ಅಲ್ಲಿ ಕೂರುತ್ತೇನೆ, ಬಾಗಿಲು ತಟ್ಟುವವರು ಯಾರೂ ಇಲ್ಲ. ಆದರೂ ಅವಳ ಆ ಹತ್ತು ದಿನವನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆಕಿಚ್ಚಾಗುತ್ತದೆ.