ವರ್ಷಕ್ಕೊಂದು ದಿನ ನಾನಿಲ್ಲ

ಅರ್ಜಿ ನಮೂನೆ ತಯಾರಿಸುವ ಮಹನೀಯರು ತಂದೆಯ ಹೆಸರಿಗೆ ಒಂದು ಗೇಣು ಜಾಗ ಬಿಡುತ್ತಾರೆ, ಮೈಮೇಲಿನ ಮಚ್ಚೆಗೂ ಧಾರಾಳವಾಗಿ ಎರಡು ಸಾಲು ಕೊಡುತ್ತಾರೆ. ‘ಅನುಭವ’ ಎಂಬಲ್ಲಿಗೆ ಬರುವಷ್ಟರಲ್ಲಿ ಮಾತ್ರ ಅವರ ಔದಾರ್ಯವೆಲ್ಲ ಬತ್ತಿ, ಬೊಟ್ಟಿಡುವಷ್ಟು ಚೌಕ ಉಳಿದಿರುತ್ತದೆ. ಚಾಳೀಸಿನ ಕನ್ನಡಕವೇರಿಸಿ, ಆರೋಗ್ಯ ಆಡಳಿತದ ಸ್ನಾತಕೋತ್ತರ ಪದವಿಗೆ ಅರ್ಜಿ ತುಂಬಲು ಕೂತ ನನಗೆ ಆ ಚೌಕ ಏತಕ್ಕೂ ಸಾಲದೆಂಬ ಗರ್ವವಿತ್ತು. ನಾನು ದುಡಿಯುವ ಆಸ್ಪತ್ರೆಯ ಹೆಸರು ಕೇಳಬೇಡಿ. ಯಾದಗಿರಿ, ಶಹಾಪುರ, ಸುರಪುರದ ಬಸ್ಸುಗಳು ಹಾಯುವ ದಾರಿಯಲ್ಲೆಲ್ಲೋ ಇದೆ ಎಂದುಕೊಳ್ಳಿ. ನಾಳೆಯೂ ಅಲ್ಲೇ ಚಹಾ ಕುಡಿಯಬೇಕಾದವಳು ನಾನು.

ಕಾಗದದ ಮೇಲೆ ನಾನು ಹೊರರೋಗಿಗಳಿಗೆ ಚೀಟಿ ಬರೆಯುವ ಗುತ್ತಿಗೆ ಸಿಬ್ಬಂದಿ. ಕಾಗದದಾಚೆ, ನರ್ಸುಗಳ ಪಾಳಿ ಪಟ್ಟಿ ಹಾಕುವುದು, ಹಾವು ಕಡಿತದ ಔಷಧ ಮುಗಿಯುವ ಮೊದಲೇ ಜಿಲ್ಲೆಗೆ ಫೋನು ಹಚ್ಚಿ ಗೋಗರೆಯುವುದು, ಜನರೇಟರು ಮುನಿಸಿಕೊಂಡರೆ ವಡಗೇರಾದಿಂದ ಮೆಕ್ಯಾನಿಕ್ಕನನ್ನು ಕರೆಸುವುದು, ಎಲ್ಲವೂ “ಅಕ್ಕೋರನ್ನ ಕೇಳ್ರಿ” ಎಂಬ ಏಕವಾಕ್ಯದ ಆದೇಶದಡಿ ನನ್ನ ತಲೆಗೇ. ಇದು ಆಡಳಿತವಲ್ಲದಿದ್ದರೆ ಇನ್ನೇನು, ನೀವೇ ಹೇಳಿ! ಎರಡು ವರ್ಷ ಓದಿ ಬಂದರೆ ಇದನ್ನೇ ಹುದ್ದೆಯ ಹೆಸರಿನಲ್ಲಿ, ಕುರ್ಚಿಯಲ್ಲಿ ಕೂತು ಮಾಡಬಹುದು. ವಯೋಮಿತಿ ಈ ವರ್ಷಕ್ಕೆ ಮುಗಿಯುತ್ತಿತ್ತು; ಇದು ತಪ್ಪಿದರೆ ಚೀಟಿ ಬರೆಯುತ್ತಲೇ ನನಗೆ ಮುಪ್ಪು.

ಕೊಕ್ಕೆಯೊಂದಿತ್ತು. ಅವರು ಕೇಳಿದ್ದು ಮೂರು ವರ್ಷಗಳ ಅಖಂಡ ಅನುಭವ. ನಮ್ಮ ಗುತ್ತಿಗೆಯೋ ಮಾರ್ಚಿಗೆ ಮುಗಿದು, ಏಪ್ರಿಲ್ ಎರಡಕ್ಕೆ ಮತ್ತೆ ಹುಟ್ಟುತ್ತದೆ. ಯಾರೂ ‘ಕಾಯಂ ಮಾಡಿ’ ಎನ್ನದಿರಲೆಂದು ನಡುವೆ ಒಂದು ದಿನದ ‘ಬ್ರೇಕ್’. ಆ ದಿನ ಕಾನೂನಿನ ಪ್ರಕಾರ ನಾನು ಅಸ್ತಿತ್ವದಲ್ಲಿಲ್ಲ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೀಟು. ಆದರೆ ಜ್ವರ, ಹೆರಿಗೆಗಳಿಗೆ ಬ್ರೇಕ್ ಇಲ್ಲವಾದ್ದರಿಂದ, ಅಸ್ತಿತ್ವವಿಲ್ಲದ ನಾನು ಪ್ರತಿವರ್ಷವೂ ಆ ದಿನ ಒಂಬತ್ತಕ್ಕೇ ಕೌಂಟರಿನಲ್ಲಿ ಪ್ರತ್ಯಕ್ಷ.

“ರೆಕಾರ್ಡ್‌ದಾಗ ಬ್ರೇಕ್ ಅದಲ್ರಿ ಮೇಡಂ, ಅಖಂಡ ಅಂತ ನಾ ಹೆಂಗ ಬರೀಲಿ?” ಎಂದರು ಅನುಭವದ ಪ್ರಮಾಣಪತ್ರ ಬರೆದುಕೊಡಬೇಕಾದ ಹೆಡ್ ಕ್ಲಾರ್ಕ್ ಶರಣಪ್ಪನವರು.

“ಆವತ್ತು ಇಲ್ಲಿ ಕುಂತಾಕಿ ನಾನ ಅಲ್ಲೇನ್ರಿ?”

“ಖರೇ ಅದ, ಕುಂತಿದ್ರಿ. ಸಬೂತು ಎಲ್ಲದ?”

ಆ ದಿನ ಬರಲೇಬೇಕೆಂದು ಹೇಳಿಕಳಿಸಿದವರೇ, ನಾನು ಬಂದದ್ದಕ್ಕೆ ಪುರಾವೆ ಕೇಳಿದಾಗ ಮೈಯೆಲ್ಲ ಉರಿದುಹೋಯಿತು. ಹಳೆಯ ಓಪಿಡಿ ಪುಸ್ತಕಗಳನ್ನು ಹುಡುಕಹೋದರೆ, ಅವನ್ನು ಯಾವಾಗಲೋ ಗೆದ್ದಲಿನ ಸುಪರ್ದಿಗೆ ಒಪ್ಪಿಸಿಯಾಗಿತ್ತು.

ಮಾರ್ಚಿನ ಮೊದಲ ದಿನ ನಿಂಗವ್ವ ಬಂದಳು. ಬಳಿಚಕ್ರ ಊರಿನ ಕುರಿಗಾರರ ಮನೆಯ ಹಿರಿಯಳು, ಬಿ.ಪಿ. ಗುಳಿಗೆಗೆಂದು ಪ್ರತಿ ತಿಂಗಳು ಒಂದನೇ ತಾರೀಖಿಗೆ ತಪ್ಪದೆ ಹಾಜರು. “ಯಾಕವಾ, ಮಾರಿ ಸಣ್ಣದು ಮಾಡ್ಕೊಂಡು ಕುಂತೀದಿ?” ಎಂದಳು. ಯಾರ ಮುಂದಾದರೂ ಒದರಿಕೊಳ್ಳಬೇಕಿತ್ತು, ಎಲ್ಲ ಒದರಿದೆ. ಅವಳು ಸೊಂಟದ ಪ್ಲಾಸ್ಟಿಕ್ ಚೀಲ ಬಿಚ್ಚಿ ಕಟ್ಟುಗಟ್ಟಲೆ ಚೀಟಿಗಳನ್ನು ನನ್ನ ಮುಂದೆ ಸುರಿದಳು.

“ನನಗ ಓದಾಕ ಬರಂಗಿಲ್ಲವಾ. ಯಾವುದು ಬೇಕಾದದ್ದು, ಯಾವುದು ಬ್ಯಾಡಾದದ್ದು ತಿಳೀಲಾರದಕ್ಕ ಒಂದೂ ಒಗದಿಲ್ಲ.”

ಓದಿಕೊಂಡವರ ದಫ್ತರು ಉಳಿಸದಿದ್ದನ್ನು ಓದು ಬಾರದವಳು ಉಳಿಸಿದ್ದಳು. ಒಂದಲ್ಲ, ನಾಲ್ಕು ವರ್ಷಗಳ ಏಪ್ರಿಲ್ ಒಂದು, ನನ್ನದೇ ಕಾಗೆಕಾಲಿನ ಅಕ್ಷರದಲ್ಲಿ, ಆಸ್ಪತ್ರೆಯ ಮೊಹರಿನೊಂದಿಗೆ! ಕಣ್ಣಲ್ಲಿ ನೀರು ಬಂತೆಂದು ಹೇಳಲು ನಾಚಿಕೆಯಿಲ್ಲ.

ಚೀಟಿಗಳನ್ನು ಮೇಜಿನ ಮೇಲೆ ಹರಡಿದಾಗ ಶರಣಪ್ಪನವರ ಮುಖ ಬಿಳಿಚಿತು. ಗುತ್ತಿಗೆಯಿಲ್ಲದ ದಿನ ದುಡಿಸಿಕೊಂಡದ್ದಕ್ಕೆ ಉತ್ತರ ಕೊಡಬೇಕಾದವರು ತಾವೇ ಎಂಬುದು ನನಗಿಂತ ಮೊದಲು ಅವರಿಗೆ ಹೊಳೆದಿತ್ತು. “ಇವನ್ನ ಯಾರ್ಗೂ ತೋರಸಬ್ಯಾಡ್ರಿ,” ಎಂದವರೇ, ‘ಅಖಂಡ’ ಎಂಬುದನ್ನು ಎರಡೆರಡು ಸಲ ಬರೆದ ಪ್ರಮಾಣಪತ್ರಕ್ಕೆ ಡಾಕ್ಟರ ಸಹಿ ಮಾಡಿಸಿ ತಂದರು. ಇದನ್ನು ನ್ಯಾಯವೆನ್ನಲೋ ಭಯವೆನ್ನಲೋ ತಿಳಿಯದೆ ಅರ್ಜಿ ಕಳಿಸಿದೆ. ಸೀಟಿನ ಸುದ್ದಿ ಇನ್ನೂ ಬಂದಿಲ್ಲ.

ಮಾರ್ಚಿನ ಕೊನೆಯ ಸಂಜೆ ಅದೇ ಶರಣಪ್ಪನವರು ಕೌಂಟರಿಗೆ ಬಂದು, “ನಾಳಿ ನಿಮಗ ಬ್ರೇಕ್ ಅದರಿ. ಆದ್ರೂ ಒಂಬತ್ತಕ್ಕ ಬಂದುಬಿಡ್ರಿ, ಇಲ್ಲಿ ಕೂಡೋರು ಯಾರೂ ಇಲ್ಲ,” ಎಂದರು. ಇಂಥವರಿಗೆ ಏನನ್ನುತ್ತೀರಿ?

ಹೋದೆ. ಗುಳಿಗೆಗೆ ಬಂದವರು ಏನು ಪಾಪ ಮಾಡಿದ್ದರು? ಆದರೆ ಮೊದಲು ಹಾಜರಿ ಪುಸ್ತಕ ಎಳೆದುಕೊಂಡು, ಕೆಂಪು ಗೀಟಿನ ಮೇಲೆಯೇ ನನ್ನ ಪೂರ್ತಿ ಹೆಸರು ಬರೆದು ಸಹಿ ಹಾಕಿದೆ. ಶರಣಪ್ಪನವರು ಬಾಯಿ ತೆರೆದರು. ಸಾಲಿನ ಮುಂದೆ ನಿಂತಿದ್ದ ನಿಂಗವ್ವನ ಸೊಂಟದ ಚೀಲ ಕಂಡು ಮುಚ್ಚಿಕೊಂಡರು.